ಮೂಲೆಯ ಪೀಪಾಯಿಯ ಗುನುಗು

ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ನೆರಳು ಹುಡುಕಿಕೊಂಡು ಕಾಲು ಚಾಚುವ ಹೊತ್ತಿಗೆ ಕಿವಿಯಮ್ಮ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದಳು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು. ಅದು ಬಳಸದೆ ಬಳಸದೆ ಎಲ್ಲೋ ಬಿದ್ದುಹೋಗಿ, ಈಗ ಕಟ್ಟಿಕೊಂಡ ಗಂಡನಿಗೂ ಥಟ್ಟನೆ ನೆನಪಾಗುವುದಿಲ್ಲ. ಗುಡ್ಡದ ತುಂಬ ದ್ರಾಕ್ಷಿ ಬಳ್ಳಿ, ಗುಡ್ಡದ ಬುಡದಲ್ಲಿ ವೈನ್ ಮಾಡುವ ಕಲ್ಲಿನ ಮನೆ, ಮನೆಯ ಕೆಳಗೆ ಈ ನೆಲಮಾಳಿಗೆ. ಅಲ್ಲಿ ಸಾಲಾಗಿ ಒರಗಿಸಿದ ಮರದ ಪೀಪಾಯಿಗಳಿಗೆ ಕಿವಿಯಿಟ್ಟು, ಒಳಗಿನ ರಸ ಏನು ಮಾಡುತ್ತಿದೆ ಎಂದು ಹೇಳುವುದು ಅವಳ ಕೆಲಸ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಮ್ಮೆ ಆ ಮೆಟ್ಟಿಲಿಳಿದು ನೋಡಬೇಕು.

ಕೆಳಗೆ ಬಿಸಿಲುಗಾಲದಲ್ಲೂ ತಣ್ಣಗೆ. ಗೋಡೆಯ ಕಲ್ಲುಗಳು ಸಣ್ಣಗೆ ಬೆವರುತ್ತಿರುತ್ತವೆ. ಒದ್ದೆ ಮರ, ಹುಳಿ ಸೇಬು, ಆಗತಾನೇ ಆರಿಸಿದ ಮೇಣದಬತ್ತಿ, ಇವೆಲ್ಲ ಕಲಸಿಕೊಂಡ ಒಂದು ವಾಸನೆ. ಕೊಯ್ಲು ಮುಗಿದ ಹೊಸತರಲ್ಲಿ ಕಾಲಿಟ್ಟರೆ ಮದುವೆ ಮನೆಯ ಗದ್ದಲ. ಹಿಂಡಿದ ರಸ ಪೀಪಾಯಿಯೊಳಗೆ ಒಲೆಯಿಲ್ಲದೆಯೇ ಕೊತಕೊತ ಅನ್ನುತ್ತಿರುತ್ತದೆ. ವಾರಗಳು ಕಳೆದಂತೆ ಗದ್ದಲ ಹರಟೆಯಾಗುತ್ತದೆ, ಹರಟೆ ಗುನುಗಾಗುತ್ತದೆ, ಗುನುಗು ಪಿಸುಮಾತಾಗುತ್ತದೆ. ತನ್ನಲ್ಲಿದ್ದ ಸಿಹಿಯನ್ನೆಲ್ಲ ತಾನೇ ತಿಂದು ಮುಗಿಸಿದ ದಿನ ರಸ ಸದ್ದಡಗಿಸುತ್ತದೆ. ಆಗ ಕಿವಿಯಮ್ಮ “ಮಲಗಿತು” ಎಂದು ಹೇಳಿ, ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾಳೆ. ಗೀಟು ಬಿದ್ದ ಮೇಲೆ ಆ ಪೀಪಾಯಿಯ ವಿಷಯದಲ್ಲಿ ಯಾರೂ ತಕರಾರು ಎತ್ತುವುದಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಅತ್ತೆಯಿಂದ. ಆ ಅತ್ತೆಯೋ, ಮಾತಿನಲ್ಲಿ ಮಹಾ ಜಿಪುಣಿ. ಸೊಸೆ ಹೊಸಿಲು ದಾಟಿದ ವರ್ಷವೆಲ್ಲ “ಬಾ”, “ಕೇಳು”, “ಏನಂತು?” ಬಿಟ್ಟರೆ ಬೇರೆ ಮಾತೇ ಇಲ್ಲ. ಬಲಗೈಯಲ್ಲಿ ಸೀಮೆಸುಣ್ಣ ಇರಬೇಕು, ಎಡಗಿವಿ ಮರಕ್ಕೆ ಅಂಟಬೇಕು, ಕಣ್ಣು ಮುಚ್ಚಬೇಕು. ಒಮ್ಮೆ ಮಾತ್ರ ಅತ್ತೆ ಬಾಯಿ ಬಿಟ್ಟು ಉದ್ದಕ್ಕೆ ಗದರಿದ್ದಳು: “ಉಸಿರು ಹಿಡ್ಕೊಳ್ಳೇ! ನಿನ್ನ ಉಸಿರನ್ನೇ ವೈನು ಅಂದ್ಕೊಂಡ್ಬಿಟ್ಟೀಯ.” ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಕಣ್ಣು ಮುಚ್ಚಿದರೆ ಆ ಗದರಿಕೆ ಇನ್ನೂ ಕಿವಿಯಲ್ಲಿದೆ.

ಆ ಗುಡ್ಡದ ಬಗ್ಗೆಯೂ ಸ್ವಲ್ಪ ಹೇಳಬೇಕು. ಮಣ್ಣು ಬೂದಿಯಂತೆ ಬೆಳ್ಳಗೆ, ಸುಣ್ಣಕಲ್ಲಿನದು. ಎಲ್ಲಿ ಗುದ್ದಲಿ ಹಾಕಿದರೂ ಕಲ್ಲಾಗಿ ಹೋದ ಚಿಪ್ಪುಗಳು ಸಿಗುತ್ತವೆ. ಯಾವ ಕಾಲದಲ್ಲೋ ಅಲ್ಲಿ ಸಮುದ್ರವಿತ್ತಂತೆ; ಅದು ಎದ್ದು ಹೋದದ್ದು ಯಾವಾಗ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಬೆಳಗ್ಗೆ ಕೆಳಗಿನ ನದಿಯಿಂದ ಮಂಜು ಎದ್ದು, ಬಳ್ಳಿಗಳ ನಡುವೆ ಹೆಜ್ಜೆ ಸಪ್ಪಳವಿಲ್ಲದೆ ಓಡಾಡಿ, ಬಿಸಿಲೇರುವಾಗ ಹೇಳದೆ ಕೇಳದೆ ಹೊರಟುಹೋಗುತ್ತದೆ. ರಾತ್ರಿಗಳು ತಣ್ಣಗಿರುವುದರಿಂದ ದ್ರಾಕ್ಷಿ ಹಣ್ಣಾದರೂ ಹುಳಿ ಬಿಟ್ಟುಕೊಡುವುದಿಲ್ಲ. ಅದರ ವೈನ್ ಹುಲ್ಲಿನ ತುದಿಯ ಬಣ್ಣದ್ದು. ಸಿಹಿಯ ಸುಳಿವೂ ಇಲ್ಲ. ಪೇಟೆಯ ಅಂಗಡಿಗಳಲ್ಲಿ ಅದಕ್ಕೆ ಡ್ರೈ ವೈಟ್ ವೈನ್ ಅನ್ನುತ್ತಾರೆ. ಗುಟುಕು ಇಳಿದ ಮೇಲೆ ನಾಲಿಗೆಯ ಹಿಂದೆ ಒಂದಿಷ್ಟು ಉಪ್ಪು ಉಳಿಯುತ್ತದೆ. ಎದ್ದು ಹೋದ ಸಮುದ್ರ ಮರೆತುಬಿಟ್ಟ ಉಪ್ಪು ಅದು ಎಂದು ಕಿವಿಯಮ್ಮನ ನಂಬಿಕೆ.

ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಅಂಥ ಒಂದು ಕಲ್ಲಿನ ಚಿಪ್ಪನ್ನು ಎತ್ತಿ ಕಿವಿಗಿಟ್ಟುಕೊಂಡಿದ್ದಳು. ಚಿಪ್ಪಿನಲ್ಲಿ ಸಮುದ್ರ ಕೇಳುತ್ತದೆ ಎಂದು ಯಾರೋ ಹೇಳಿದ್ದರು, ಸಮುದ್ರವನ್ನು ಅವಳು ಕಂಡಿರಲಿಲ್ಲ. ಏನೂ ಕೇಳಿಸಲಿಲ್ಲ. ಆಗಲೂ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದ್ದಳು: “ಕಲ್ಲು ಕಣೇ ಅದು.” ಕಿವಿಯಮ್ಮ ಚಿಪ್ಪನ್ನು ಎಸೆಯದೆ ಮನೆಯ ಕಿಟಕಿಯಲ್ಲಿಟ್ಟಳು. ಸಮುದ್ರವನ್ನು ಈವರೆಗೂ ಕಂಡಿಲ್ಲ.

ಈಗ ಕಥೆಗೆ ಬರೋಣ. ಆ ವರ್ಷ ಬಳ್ಳಿಗಳಲ್ಲಿ ಹೊಸ ಚಿಗುರು ಕಾಣಿಸಿಕೊಂಡರೂ ಹಿಂದಿನ ಕೊಯ್ಲಿನ ವೈನ್ ಬಾಟಲಿಗೆ ಇಳಿದಿರಲಿಲ್ಲ. ಎಲ್ಲ ಪೀಪಾಯಿಗಳ ಮುಖದ ಮೇಲೂ ಗೀಟು ಬಿದ್ದಿತ್ತು, ಒಂದನ್ನು ಬಿಟ್ಟು. ಸಾಲಿನ ಕೊನೆಗೆ, ಗೋಡೆ ಮುಂದಕ್ಕೆ ಚಾಚಿಕೊಂಡಿರುವ ಬಲಮೂಲೆಯಲ್ಲಿ ಕೂತಿತ್ತು ಆ ಪೀಪಾಯಿ. ಅಲ್ಲಿ ಎಡಗಿವಿ ಇಡಲು ಹೋದರೆ ಮೂಗು ಗೋಡೆಗೆ ಬಡಿಯುತ್ತದೆ. ಹಾಗಾಗಿ ಅದೊಂದಕ್ಕೆ ಮಾತ್ರ ಅವಳು ಕತ್ತು ಆಚೆ ತಿರುಗಿಸಿ ಬಲಗಿವಿ ಇಡುತ್ತಿದ್ದಳು. ಇಷ್ಟು ವರ್ಷವೂ ಹಾಗೆಯೇ ನಡೆದಿತ್ತು. ಈ ವರ್ಷ ಆ ಪೀಪಾಯಿ ಮಲಗಲು ಒಲ್ಲೆ ಅನ್ನುತ್ತಿತ್ತು. ಕಣ್ಣು ಮುಚ್ಚಿ ಬಲಗಿವಿ ಇಟ್ಟರೆ ಸಾಕು, ದೂರದಲ್ಲಿ ಯಾರೋ ತೊಟ್ಟಿಲು ತೂಗುತ್ತ ಬಾಯಿ ಮುಚ್ಚಿಕೊಂಡು ಹಾಡಿದಂತೆ ಒಂದು ಸಣ್ಣ ಗುನುಗು.

ಆ ಗುನುಗು ಕೇಳಲು ಎಷ್ಟು ಹಿತವಾಗಿತ್ತೆಂದರೆ, ಕೆಲವು ದಿನ ಕಿವಿಯಮ್ಮ ಅಲ್ಲಿಯೇ ಮಂಡಿಯೂರಿ, ಪೀಪಾಯಿಗೆ ಕೆನ್ನೆ ಕೊಟ್ಟು ನಿದ್ದೆಯ ಅಂಚಿಗೆ ಹೋಗಿಬಿಡುತ್ತಿದ್ದಳು. ಅರೆನಿದ್ದೆಯಲ್ಲಿ ಬಿಳಿ ಮಣ್ಣಿನ ಕೆಳಗೆ ನೀರು ತುಂಬಿಕೊಳ್ಳುವುದು, ಬಳ್ಳಿಗಳೆಲ್ಲ ನೀರಿನಲ್ಲಿ ಮೆಲ್ಲಗೆ ತೂಗಾಡುವುದು, ಅತ್ತೆ ಮೀನುಗಳ ನಡುವೆ ಸೀಮೆಸುಣ್ಣ ಹಿಡಿದು ನಡೆಯುವುದು ಕಾಣಿಸುತ್ತಿತ್ತು. ಎಚ್ಚರವಾದಾಗ ಕೆನ್ನೆಯ ಮೇಲೆ ಮರದ ಗೆರೆ ಮೂಡಿರುತ್ತಿತ್ತು. “ಇನ್ನೂ ಎದ್ದಿದೆ” ಎಂದು ಮೇಲೆ ಹೋಗಿ ಹೇಳುತ್ತಿದ್ದಳು.

ಹಾಗೆ ಹೇಳುವುದು ಹಗುರದ ಮಾತಾಗಿರಲಿಲ್ಲ. ಬಾಟಲಿ ತುಂಬುವ ಮೊದಲು ಎಲ್ಲ ಪೀಪಾಯಿಗಳನ್ನೂ ಒಂದೇ ದೊಡ್ಡ ತೊಟ್ಟಿಗೆ ಸುರಿದು ಬೆರೆಸುತ್ತಾರೆ. ಒಂದರಲ್ಲಿ ಸಿಹಿ ಉಳಿದಿದ್ದರೂ ಸಾಕು, ಅದು ಬಾಟಲಿಯೊಳಗೆ ಮತ್ತೆ ಎದ್ದು ಕುಣಿಯುತ್ತದೆ. ನದಿಗುಂಟ ಕೆಳಗಿದ್ದ ಇನ್ನೊಂದು ವೈನ್ ಮನೆಯಲ್ಲಿ ಹಿಂದೊಮ್ಮೆ ಅವಸರ ಮಾಡಿ, ಬೇಸಿಗೆಯುದ್ದಕ್ಕೂ ಉಗ್ರಾಣದಲ್ಲಿ ಬಾಟಲಿಗಳು ಸಿಡಿದವು. ಕೆಲಸದವರು ತಲೆಯ ಮೇಲೆ ಪಾತ್ರೆ ಕವುಚಿಕೊಂಡು ಒಳಗೆ ಹೋಗುತ್ತಿದ್ದರಂತೆ. ಆ ಸದ್ದು ಗುಡ್ಡದ ಮೇಲಿದ್ದ ಕಿವಿಯಮ್ಮನಿಗೂ ಕೇಳಿಸಿತ್ತು.

ವೈನ್ ಮನೆಯ ಒಡತಿಗೆ ನಡುವಯಸ್ಸು. ಅವಳು ಹಸುಗೂಸಾಗಿದ್ದಾಗ ಸೊಂಟದ ಮೇಲೆ ಹೊತ್ತು, ಪೀಪಾಯಿಗಳ ನಡುವೆ ಓಡಾಡಿಸಿ ಮಲಗಿಸಿದವಳು ಕಿವಿಯಮ್ಮನೇ. ಎಲ್ಲರೆದುರು ಕಿವಿಯಮ್ಮ ಒಡತಿಯನ್ನು “ಅಮ್ಮಾ” ಅನ್ನುತ್ತಾಳೆ, ಯಾರೂ ಇಲ್ಲದಾಗ “ಮಗಾ” ಅನ್ನುತ್ತಾಳೆ. ಆ ಸಲ ಒಡತಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ವೈನ್ ಪರೀಕ್ಷೆ ಮಾಡುವವನು ಗಾಜಿನ ಕೊಳವೆ ಹಿಡಿದು ಬಂದು ಮೂಲೆಯ ಪೀಪಾಯಿಯಿಂದ ಒಂದಿಷ್ಟು ತೆಗೆದು ನೋಡಿದ. ಸಾಧು ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವನಲ್ಲ.

“ಇದರಲ್ಲಿ ಸಕ್ಕರೆ ಉಳಿದಿಲ್ಲಮ್ಮ. ಎಲ್ಲ ಮುಗ್ದಿದೆ” ಎಂದ.

“ನಿಮ್ಮ ಗಾಜಿಗೆ ಕಿವಿ ಇದ್ಯಾ?” ಎಂದಳು ಕಿವಿಯಮ್ಮ.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಪರೀಕ್ಷೆಯವನೂ ನಕ್ಕ, ಆದರೆ ಅವನ ಕಿವಿ ಕೆಂಪಾಯಿತು. ಒಡತಿ ಒಂದು ಕ್ಷಣ ಅವನ ಮುಖ, ಒಂದು ಕ್ಷಣ ಇವಳ ಮುಖ ನೋಡಿ, “ಕಿವಿಯಮ್ಮ ಹೇಳಿದ್ಮೇಲೆ ಮುಗೀತು. ಕಾಯೋಣ” ಎಂದಳು. ಕಾದರು. ವರ್ಷ ವರ್ಷವೂ ಬರುತ್ತಿದ್ದ ವ್ಯಾಪಾರಿ ಬಂದ, ಬಾಟಲಿ ಸಿದ್ಧವಿಲ್ಲದ್ದನ್ನು ನೋಡಿ ಮುಖ ಗಂಟಿಕ್ಕಿದ, ನದಿಯಾಚೆಯ ವೈನ್ ಮನೆಗೆ ಹೋಗಿ ಲಾರಿ ತುಂಬಿಸಿಕೊಂಡ. ಇನ್ನೊಬ್ಬ ಬರುವುದಿತ್ತು; ಎಲ್ಲ ಪೀಪಾಯಿಗೂ ಗೀಟು ಬಿದ್ದಿದ್ದರೆ ನಿಂತು ಬಾಟಲಿ ತುಂಬಿಸಿಕೊಂಡು ಹೋಗುವವನು. ಅವನೂ ಕೈ ತಪ್ಪಿದರೆ ಮುಂದಿನ ಕೊಯ್ಲಿಗೆ ಪೀಪಾಯಿ ಖಾಲಿಯಾಗುವುದಿಲ್ಲ, ಹಿಂಡಿದ ರಸ ಸುರಿಯಲು ಜಾಗವೇ ಇರುವುದಿಲ್ಲ. ಕಿವಿಯಮ್ಮನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಪಟ್ಟು ಸಡಿಲಿಸಲಿಲ್ಲ. ಕಿವಿ ಒಂದು ಹೇಳುತ್ತಿರುವಾಗ ಬಾಯಿ ಇನ್ನೊಂದು ಹೇಳುವುದು ಹೇಗೆ?

ವೈನ್ ಮನೆಯ ಅಡುಗೆಮನೆ ಅವಳ ನಾದಿನಿಯ ಕೈಯಲ್ಲಿತ್ತು. ಗಂಡನ ತಂಗಿ, ಅತ್ತೆ ಆಡದೆ ಉಳಿಸಿಟ್ಟ ಮಾತನ್ನೆಲ್ಲ ಖರ್ಚು ಮಾಡಲೆಂದೇ ಹುಟ್ಟಿದವಳು. ರುಚಿ ನೋಡಲು ಬರುವವರಿಗೆ ಅಡುಗೆ ಮಾಡಿ ಬಡಿಸುವುದರಲ್ಲಿ ಎತ್ತಿದ ಕೈ. ಬರಿ ಹೊಟ್ಟೆಯಲ್ಲಿ ಆ ವೈನ್ ಕುಡಿದವರ ಹಲ್ಲು ಚುಳ್ಳೆನ್ನುತ್ತದೆ. ಬೆಣ್ಣೆಯಲ್ಲಿ ಹುರಿದ ಮೀನೋ, ಆಡಿನ ಹಾಲಿನ ಚೀಸೋ, ಗರಿಗರಿ ಚರ್ಮದ ಕೋಳಿಯೋ ಪಕ್ಕದಲ್ಲಿದ್ದರೆ ಅದೇ ವೈನ್ ಮುಖ ಅರಳಿಸುತ್ತದೆ. “ಬೆಣ್ಣೆ ನಾಲಿಗೆ ಮೇಲೆ ಹೊದ್ಕೊಂಡು ಮಲಗಿರತ್ತೆ ನೋಡು, ಇದು ಬಂದು ಹೊದಿಕೆ ಎಳೆಯತ್ತೆ. ಏಳು, ಇನ್ನೊಂದು ತುತ್ತು ತಿನ್ನು ಅನ್ನತ್ತೆ” ಎಂದು ನಾದಿನಿ ಹೇಳುವುದುಂಟು. ಸಿಹಿ ತಿಂಡಿಯ ಜೊತೆ ಮಾತ್ರ ಅವಳು ಅದನ್ನು ಸುತರಾಂ ಕೊಡುವುದಿಲ್ಲ. ಕೊಟ್ಟರೆ ವೈನೂ ಕೆಟ್ಟಿತು, ತಿಂಡಿಯೂ ಕೆಟ್ಟಿತು.

ಎರಡನೆಯ ವ್ಯಾಪಾರಿ ಬರುವ ಹಿಂದಿನ ದಿನ ಕಿವಿಯಮ್ಮ ಅಡುಗೆಮನೆಯ ಹಿತ್ತಲಿಗೆ ಹೋದಳು. ಅಲ್ಲಿ ಬಿಸಿಲಿಗೆ ಒಂದು ಹಳೆಯ ಪೀಪಾಯಿ ನಿಂತಿತ್ತು; ನಾದಿನಿ ಅದರ ಮೇಲೆ ತರಕಾರಿ ಹೆಚ್ಚುತ್ತಿದ್ದಳು. ಬಿಸಿಲು ಹಿತವಾಗಿತ್ತು, ಜೇನುನೊಣಗಳು ಗೋಡೆಯ ಬಳ್ಳಿಯಲ್ಲಿ ಓಡಾಡುತ್ತಿದ್ದವು. ಕಿವಿಯಮ್ಮ ಮೋಡ ಮೋಡವಾದ ಮನಸ್ಸಿನಲ್ಲಿ ಮಣೆಯ ಮೇಲೆ ಕೂತು, ಪೀಪಾಯಿಯ ಹೊಟ್ಟೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಬಲಗೆನ್ನೆ ಮರಕ್ಕೆ ತಾಗಿತು. ತೊಟ್ಟಿಲು ತೂಗುವ ಅದೇ ಹಾಡು ಅಲ್ಲಿಯೂ ಇತ್ತು.

ಅವಳು ಕಣ್ಣು ತೆರೆಯದೆಯೇ ಕೇಳಿದಳು: “ಇದರಲ್ಲಿ ಯಾವಾಗಿನ ವೈನು ತುಂಬಿದ್ದೀಯೇ? ಇನ್ನೂ ಎದ್ದಿದೆಯಲ್ಲ.”

ನಾದಿನಿಯ ಚಾಕು ನಿಂತಿತು. “ಅದರಲ್ಲಿ ವೈನಾ? ಈರುಳ್ಳಿ ತುಂಬಿಟ್ಟಿದ್ದೀನಿ ಕಣೇ ಅತ್ತಿಗೆ. ಈರುಳ್ಳಿ ಹಾಡ್ತಿದ್ಯಾ?”

ಮುಚ್ಚಳ ತೆಗೆದು ತೋರಿಸಿದಳು. ಒಣಗಿದ ಸಿಪ್ಪೆಯ ಈರುಳ್ಳಿ, ಅಂಚಿನ ತನಕ. ಕಿವಿಯಮ್ಮ ಮೆಲ್ಲಗೆ ತಲೆ ತಿರುಗಿಸಿ ಎಡಗಿವಿ ಇಟ್ಟಳು: ಜೇನುನೊಣ, ದೂರದ ನಾಯಿ, ಅಷ್ಟೇ. ಬಲಗಿವಿ ಇಟ್ಟಳು: ಹಾಡು. ಗೋಡೆಗೆ ಬಲಗಿವಿ ಇಟ್ಟಳು: ಹಾಡು. ಕೊನೆಗೆ ಅಂಗೈಯಿಂದ ಬಲಗಿವಿಯನ್ನು ಮುಚ್ಚಿಕೊಂಡಳು. ಹಾಡು ಇನ್ನೂ ಚೆನ್ನಾಗಿ ಕೇಳಿಸಿತು.

ಅತ್ತೆ ಗದರಿದ್ದು ನೆನಪಾಯಿತು. ಉಸಿರನ್ನಲ್ಲ, ತನ್ನ ಕಿವಿಯ ಮುಪ್ಪನ್ನೇ ಕಿವಿಯಮ್ಮ ವೈನೆಂದು ತಿಳಿದಿದ್ದಳು. ಅಳು ಬರುತ್ತದೆ ಅಂದುಕೊಂಡಳು, ಬರಲಿಲ್ಲ. ನಾಚಿಕೆ ಬಂತು. ಒಂದು ಗುನುಗಿಗೆ ಮನಸೋತು ಇಡೀ ಮನೆಯ ವೈನನ್ನು ಹಿಡಿದು ಕೂರಿಸಿದ್ದಳು. ಸಾಧು ಮನುಷ್ಯನೊಬ್ಬನನ್ನು ಹತ್ತು ಜನರ ಮುಂದೆ ನಗೆಪಾಟಲು ಮಾಡಿದ್ದಳು.

“ಯಾರಿಗೂ ಹೇಳ್ಬೇಡ ಬಿಡು” ಎಂದಳು ನಾದಿನಿ, ಜೀವಮಾನದಲ್ಲಿ ಮೊದಲ ಸಲ ದನಿ ತಗ್ಗಿಸಿ. “ಈಗ ಹೋಗಿ ‘ಮಲಗಿತು’ ಅಂತ ಗೀಟು ಎಳೆದ್ಬಿಡು. ಯಾರಿಗೆ ಗೊತ್ತಾಗತ್ತೆ?”

ಗೊತ್ತಾಗುವುದಿಲ್ಲ, ಅದು ನಿಜ. ಕಿವಿಯಮ್ಮ ಆ ಸಂಜೆಯೆಲ್ಲ ಅದನ್ನೇ ಮಗುಚಿ ಮಗುಚಿ ಹಾಕಿದಳು. ಸುಮ್ಮನೆ ಗೀಟೆಳೆದರೆ ಹೆಸರು ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಆದರೆ ಬಲಗಿವಿಯಂತೆ ನಾಳೆ ಎಡಗಿವಿಯೂ ಹೋಗಬಹುದು. ಈ ವರ್ಷ ಮಲಗಿದ್ದನ್ನು ಎದ್ದಿದೆ ಅಂದಳು, ಇನ್ನೊಂದು ವರ್ಷ ಎದ್ದಿದ್ದನ್ನು ಮಲಗಿದೆ ಅಂದರೆ? ಈ ಮನೆಯ ಕೆಲಸದ ಹುಡುಗಿಯರು ತಲೆಯ ಮೇಲೆ ಪಾತ್ರೆ ಕವುಚಿಕೊಂಡು ಉಗ್ರಾಣಕ್ಕೆ ಹೋಗುವುದು ಕಣ್ಣಿಗೆ ಕಟ್ಟಿತು. ಆದರೂ ಹೇಳಲು ಧೈರ್ಯ ಸಾಲಲಿಲ್ಲ. ಕಿವಿ ಇಲ್ಲದ ಕಿವಿಯಮ್ಮನನ್ನು ಯಾರು ಯಾಕೆ ಇಟ್ಟುಕೊಳ್ಳುತ್ತಾರೆ?

ಮಾರನೆಯ ದಿನ ವ್ಯಾಪಾರಿ ಬರುವ ಮೊದಲೇ ಒಡತಿ ಎಲ್ಲರನ್ನೂ ಅಡುಗೆಮನೆಯ ಉದ್ದ ಮೇಜಿಗೆ ಕೂರಿಸಿದಳು. ಪರೀಕ್ಷೆಯವನೂ ಇದ್ದ. ಮೂಲೆಯ ಪೀಪಾಯಿಯಿಂದ ಒಂದು ಹೂಜಿ ತೆಗೆಸಿದ್ದಳು. ನಾದಿನಿ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಮತ್ತು ಕಲ್ಲುಪ್ಪು ಹಾಕಿ ತಂದಿಟ್ಟಳು. ಸಿಹಿ ಅಡಗಿದ್ದರೆ ಹೊರಗೆಳೆಯಲು ಇದಕ್ಕಿಂತ ಬೇರೆ ಬೇಡ. ಉಪ್ಪಿನ ಪಕ್ಕದಲ್ಲಿ ಅದು ಕೂಗಿ ಹೇಳಿಕೊಳ್ಳುತ್ತದೆ. ಕಿವಿಯಮ್ಮ ಬಿಸಿ ಆಲೂಗಡ್ಡೆಯ ಒಂದು ತುಂಡು ತಿಂದು, ಒಂದು ಗುಟುಕು ಕುಡಿದಳು. ಬೆಣ್ಣೆಯ ಹೊದಿಕೆ ಸರ್ರನೆ ಸರಿಯಿತು. ನಿಂಬೆಯ ಸಿಪ್ಪೆ, ಹಸಿ ಸೇಬು, ಒದ್ದೆ ಕಲ್ಲು, ಕೊನೆಗೆ ಆ ಮರೆತ ಉಪ್ಪು. ಸಿಹಿ ಎಲ್ಲಿಯೂ ಇಲ್ಲ. ಎಷ್ಟೋ ವರ್ಷಗಳಲ್ಲಿ ಇಷ್ಟು ಶುಭ್ರವಾದ ವೈನ್ ಆಗಿರಲಿಲ್ಲ. ಇದೇ ವೈನಿನ ಮೇಲೆ ತಾನು ದೂರು ಹೇಳಿದ್ದು ಎಂದು ಅವಳ ಕಣ್ಣು ತುಂಬಿತು.

“ಮಲಗಿದೆ” ಎಂದಳು. “ಯಾವಾಗ್ಲೋ ಮಲಗಿದೆ. ಎದ್ದಿರೋದು ನನ್ನ ಕಿವಿ.”

ಯಾರಿಗೂ ಅರ್ಥವಾಗಲಿಲ್ಲ. ಅವಳು ಈರುಳ್ಳಿಯ ಪೀಪಾಯಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ. ಆಮೇಲೆ ಪರೀಕ್ಷೆಯವನ ಕಡೆ ತಿರುಗಿ, “ನಿಮ್ಮ ಗಾಜು ಸರಿಯಾಗೇ ಹೇಳಿತ್ತು ಸ್ವಾಮಿ. ಆವತ್ತು ಆಡಬಾರದ ಮಾತು ಆಡಿದೆ” ಎಂದಳು.

“ಅಯ್ಯೋ ಬಿಡೀಮ್ಮ” ಎಂದು ಅವನು ನಕ್ಕ. “ನೀವು ಅಂದ್ಮೇಲೆ ನನಗೇ ಗಾಜಿನ ಮೇಲೆ ಅನುಮಾನ ಬಂದಿತ್ತು. ಇನ್ನೊಂದು ತರಿಸಿ ನೋಡ್ದೆ.”

ಒಡತಿ ಮಾತ್ರ ನಗಲಿಲ್ಲ. “ನಿನ್ನ ಮಾತು ನಂಬಿ, ಬಂದ ವ್ಯಾಪಾರಿಯನ್ನ ಕಳಿಸ್ಕೊಟ್ಟೆ ಕಿವಿಯಮ್ಮ” ಎಂದಳು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಕುರ್ಚಿ ಹಿಂದೆ ತಳ್ಳಿ ಎದ್ದು ಹೊರಟುಹೋದಳು. ಮೇಜಿನ ಮೇಲೆ ಆಲೂಗಡ್ಡೆ ಆರುತ್ತಿತ್ತು. ಕಿವಿಯಮ್ಮ ತನ್ನ ಸೀಮೆಸುಣ್ಣದ ತುಂಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ತಟ್ಟೆಯ ಪಕ್ಕದಲ್ಲಿಟ್ಟಳು.

ಒಡತಿ ದೀಪ ಹಿಡಿದುಕೊಂಡು ಮತ್ತೆ ಬಾಗಿಲಿಗೆ ಬಂದಳು. “ಅದನ್ಯಾಕೆ ಅಲ್ಲಿಟ್ಟೆ? ತಗೊಂಡು ಬಾ. ಗೀಟು ಯಾರು ಎಳೀಬೇಕು?”

ಇಬ್ಬರೇ ಕೆಳಗಿಳಿದರು. ಮೂಲೆಗೆ ಹೋಗಿ ಕಿವಿಯಮ್ಮ ಅಭ್ಯಾಸ ಬಿಡಲಾರದೆ ಇನ್ನೊಮ್ಮೆ ಬಲಗಿವಿ ಇಟ್ಟಳು. ಹಾಡು ಹಾಗೆಯೇ ಇತ್ತು, ಇನ್ನೂ ಇಂಪಾಗಿತ್ತು. ಅದನ್ನು ಕೇಳುತ್ತ ಕೇಳುತ್ತಲೇ ಪೀಪಾಯಿಯ ಮುಖದ ಮೇಲೆ ಗೀಟು ಎಳೆದಳು. ಜೀವನದಲ್ಲಿ ಅವಳು ಎಳೆದ ಗೀಟುಗಳಲ್ಲಿ ಅದೊಂದು ಮಾತ್ರ ಸ್ವಲ್ಪ ಸೊಟ್ಟಗಿತ್ತು. ಸೀಮೆಸುಣ್ಣವನ್ನು ಒಡತಿಯ ಕೈಗಿಟ್ಟು, “ಈಗ ನೀನು ಕೇಳು ಮಗಾ. ಎಷ್ಟು ವರ್ಷ ಇದರ ಪಕ್ಕದಲ್ಲೇ ಮಲಗ್ಸಿದ್ದೀನಿ ನಿನ್ನ” ಎಂದಳು.

ಒಡತಿ ಮಂಡಿಯೂರಿ ಕಿವಿ ಇಟ್ಟಳು. ತುಂಬ ಹೊತ್ತು ಕೇಳಿದಳು. “ಏನೂ ಕೇಳಿಸ್ತಿಲ್ಲ.”

“ಅದನ್ನೇ ಕೇಳಿಸ್ಕೋಬೇಕು. ಉಸಿರು ಹಿಡ್ಕೊ, ಇನ್ನೊಂದ್ಸಲ.”

ಒಡತಿಯ ಮುಖದ ಗಂಟು ಸಡಿಲವಾಯಿತು. ನೆಲದ ಮೇಲೆ ಕೂತಿದ್ದ ಹಾಗೆಯೇ ಅವಳು ಕಿವಿಯಮ್ಮನ ಕೈ ಹಿಡಿದುಕೊಂಡಳು. “ಬರೋ ಕೊಯ್ಲಿಗೆ ನೀನು ಪಕ್ಕದಲ್ಲಿರ್ಬೇಕು. ನಾನೊಬ್ಳೇ ಕೇಳಲ್ಲ” ಎಂದಳು. ಮೇಲೆ ವ್ಯಾಪಾರಿಯ ಲಾರಿ ಬಂದು ನಿಂತ ಸದ್ದು ಒಡತಿಗೆ ಮೊದಲು ಕೇಳಿಸಿತು.

ಸಂಜೆ ಮನೆಗೆ ಬಂದಾಗ ಗಂಡ ಜಗಲಿಯಲ್ಲಿ ಕೂತಿದ್ದ. ಆ ನೆಲಮಾಳಿಗೆಯ ಪೀಪಾಯಿಗಳನ್ನೆಲ್ಲ ಕಟ್ಟಿದ ಬಡಗಿ ಅವನೇ. ಈಗ ಕೈ ನಡುಗುವುದರಿಂದ ಉಳಿ ಹಿಡಿಯುವುದಿಲ್ಲ. ಅವಳು ಪಕ್ಕದಲ್ಲಿ ಕುಳಿತ ಕೂಡಲೇ ಅವನು ಎದ್ದು ಸುತ್ತಿ ಬಂದು ಅವಳ ಎಡಗಡೆಗೆ ಕೂತ. ಆಗ ಅವಳಿಗೆ ಹೊಳೆಯಿತು: ಊಟಕ್ಕೆ ಕೂತರೂ, ಮಲಗಿದರೂ, ದಾರಿಯಲ್ಲಿ ನಡೆದರೂ ಇವನು ಈಚೆಗೆ ಸದಾ ಎಡಗಡೆಗೇ ಇರುತ್ತಾನೆ.

“ನಿನಗೆ ಗೊತ್ತಿತ್ತು” ಎಂದಳು.

“ಹೋದ ಚಳಿಗಾಲದಲ್ಲೇ ಗೊತ್ತಾಯ್ತು.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ಹೇಳ್ದೆ” ಎಂದ ಬಡಗಿ. “ಬಲಗಡೆಯಿಂದ ಹೇಳ್ಬಿಟ್ಟೆ. ನೀನು ಹೂಂ ಅಂದು ಮಲಗ್ದೆ. ಎರಡನೇ ಸಲ ಹೇಳೋಕೆ ಮನಸ್ಸು ಬರ್ಲಿಲ್ಲ.”

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ತಡೆದಿಟ್ಟ ಅಳುವೂ ಬಂತು. ನದಿಯ ಮೇಲೆ ಮಂಜು ಕಟ್ಟತೊಡಗಿತ್ತು, ಗುಡ್ಡದ ಬಿಳಿ ಮಣ್ಣು ಕೊನೆಯ ಬೆಳಕನ್ನು ಹಿಡಿದುಕೊಂಡಿತ್ತು. ಕಣ್ಣೊರೆಸಿಕೊಂಡು ಒಳಗೆ ಹೋದ ಕಿವಿಯಮ್ಮ ಕಿಟಕಿಯಲ್ಲಿದ್ದ ಕಲ್ಲಿನ ಚಿಪ್ಪನ್ನು ತೆಗೆದು, ಧೂಳು ಊದಿ, ಬಲಗಿವಿಗೆ ಇಟ್ಟುಕೊಂಡಳು. ಅಲೆಗಳು ಬರುತ್ತಿದ್ದವು, ಹಿಂದೆ ಸರಿಯುತ್ತಿದ್ದವು, ಮತ್ತೆ ಬರುತ್ತಿದ್ದವು.

ಹೊರಗೆ ಬಂದು ಚಿಪ್ಪನ್ನು ಗಂಡನ ಕಿವಿಗಿಟ್ಟಳು. ಅವನು ಹುಬ್ಬು ಗಂಟಿಕ್ಕಿ ಕೇಳಿದ, ಇನ್ನೊಂದು ಕಿವಿಗೂ ಇಟ್ಟುಕೊಂಡು ಕೇಳಿದ.

“ಏನೂ ಇಲ್ವಲ್ಲೇ. ಕಲ್ಲು ಇದು.”

“ನಿನಗೆ ಕೇಳಿಸಲ್ಲ ಬಿಡು” ಎಂದು ಕಿವಿಯಮ್ಮ ಅದನ್ನು ವಾಪಸು ತೆಗೆದುಕೊಂಡಳು.